ಆಟಗಳ ಎಂಜಿನಿಯರ್ ಸಿಡ್ ಸ್ಯಾಕ್ಸನ್

ಭೌತವಿಜ್ಞಾನದ ಪ್ರಯೋಗಾಲಯದಲ್ಲಿ ಪಾಠ ಮಾಡಿದವರಿಗೆಲ್ಲ ಒಂದು ದೃಶ್ಯ ಚೆನ್ನಾಗಿ ಪರಿಚಿತ. ವಿದ್ಯಾರ್ಥಿಗಳು ಅಳತೆಗಳನ್ನು ಒಂದು ಬಿಡಿ ಹಾಳೆಯಲ್ಲಿ ಗೀಚಿಕೊಳ್ಳುತ್ತಾರೆ. ಲೆಕ್ಕ ಸರಿಬಂದ ಮೇಲೆ ಅದನ್ನು ರೆಕಾರ್ಡ್ ಪುಸ್ತಕಕ್ಕೆ ದುಂಡಗೆ ಇಳಿಸುತ್ತಾರೆ. ಬಿಡಿ ಹಾಳೆ ಕಸದ ಬುಟ್ಟಿ ಸೇರುತ್ತದೆ. ಹೊಂದದ ಅಳತೆಗಳು, ತಿದ್ದಿದ ಲೆಕ್ಕಗಳು, "ಇಲ್ಲಿ ಏನೋ ತಪ್ಪಾಗಿದೆ" ಎಂಬ ಟಿಪ್ಪಣಿ ಎಲ್ಲವೂ ಅದರೊಂದಿಗೇ ಹೋಗುತ್ತವೆ. ನಾನೂ ಹೀಗೇ ಮಾಡಿದವನು. ಪಿಎಚ್.ಡಿ. ಕೆಲಸದ ನಡುವೆ ಒಮ್ಮೆ, ಮೂರು ತಿಂಗಳ ಹಿಂದೆ ಉಪಕರಣದ ಒಂದು ಹೊಂದಾಣಿಕೆಯನ್ನು ಏಕೆ ಬದಲಿಸಿದ್ದೆ ಎಂಬುದು ನೆನಪಾಗದೆ ಎರಡು ವಾರ ಕಳೆದುಕೊಂಡೆ. ಅಂದಿನಿಂದ ದಿನಚರಿ ಬರೆಯುವ ಅಭ್ಯಾಸ ಹತ್ತಿತು.

ಈ ಅಭ್ಯಾಸದ ಮಹತ್ವವನ್ನು ವಿದ್ಯಾರ್ಥಿಗಳಿಗೆ ಹೇಳುವಾಗ ಸಾಮಾನ್ಯವಾಗಿ ಫ್ಯಾರಡೆಯ ಹೆಸರು ಹೇಳುತ್ತೇವೆ. ನಾನು ಇನ್ನೊಂದು ಹೆಸರನ್ನೂ ಸೇರಿಸುತ್ತೇನೆ. ಆತ ವಿಜ್ಞಾನಿಯಲ್ಲ. ವೃತ್ತಿಯಿಂದ ಸಿವಿಲ್ ಎಂಜಿನಿಯರ್, ಪ್ರವೃತ್ತಿಯಿಂದ ಮಣೆಯಾಟಗಳ ರಚನಕಾರ. ಹೆಸರು ಸಿಡ್ ಸ್ಯಾಕ್ಸನ್.

ಹಗಲು ಎಂಜಿನಿಯರ್, ಸಂಜೆ ರಚನಕಾರ

ಸ್ಯಾಕ್ಸನ್ ಹುಟ್ಟಿದ್ದು 1920ರ ಫೆಬ್ರವರಿ 4ರಂದು, ಅಮೆರಿಕದ ಶಿಕಾಗೊ ನಗರದಲ್ಲಿ. ಬಾಳಿದ್ದು ನ್ಯೂಯಾರ್ಕಿನ ಬ್ರಾಂಕ್ಸ್ ಪ್ರದೇಶದಲ್ಲಿ. 1970ರವರೆಗೆ ಎಂಜಿನಿಯರ್ ಆಗಿ ದುಡಿದು, ಆಮೇಲೆ ಆಟಗಳ ರಚನೆಯನ್ನೇ ಪೂರ್ಣಾವಧಿ ಕಸುಬನ್ನಾಗಿ ಮಾಡಿಕೊಂಡರು. ಅಂದರೆ ಅವರ ಅತ್ಯಂತ ಹೆಸರಾದ ಕೆಲವು ಕೃತಿಗಳು ಬಿಡುವಿನ ವೇಳೆಯಲ್ಲಿ ಮೂಡಿದವು ಎಂಬುದನ್ನು ಗಮನಿಸಬೇಕು.

ಆಟದ ನಿಯಮಗಳನ್ನು ಬದಲಾಯಿಸುವ ಹವ್ಯಾಸ ಅವರಿಗೆ ಬಾಲ್ಯದಿಂದಲೇ ಇತ್ತು. ಲೊಟ್ಟೊ ಎಂಬ ಆಟ ಓದುಗರಿಗೆ ಗೊತ್ತಿರಬಹುದು. ಚೀಲದಿಂದ ಸಂಖ್ಯೆಯ ಬಿಲ್ಲೆಗಳನ್ನು ಒಂದೊಂದಾಗಿ ತೆಗೆಯುವುದು, ತಮ್ಮ ಹಾಳೆಯಲ್ಲಿ ಆ ಸಂಖ್ಯೆ ಇದ್ದವರು ಅದನ್ನು ಮುಚ್ಚುವುದು. ಇದರಲ್ಲಿ ಆಟಗಾರ ಮಾಡುವ ನಿರ್ಧಾರ ಯಾವುದೂ ಇಲ್ಲ, ಎಲ್ಲವೂ ಅದೃಷ್ಟ. ಬಾಲಕ ಸ್ಯಾಕ್ಸನ್ ಇದನ್ನು ಪ್ರದೇಶಗಳನ್ನು ಗೆಲ್ಲುವ ಯುದ್ಧದಾಟವಾಗಿ ಮಾರ್ಪಡಿಸಿಕೊಂಡಿದ್ದ. ಆ ಹಳೆಯ ಕಲ್ಪನೆಯೇ ಮುಂದೆ ಬೆಳೆದು 'ಅಕ್ವೈರ್' ಆಯಿತು. ಅದನ್ನು 1964ರಲ್ಲಿ ಮಾರುಕಟ್ಟೆಗೆ ತಂದದ್ದು ಅಂಟುಪಟ್ಟಿಗಳಿಗೆ ಹೆಸರಾದ ತ್ರೀಎಂ ಕಂಪನಿ.

ಅಕ್ವೈರ್‌ನ ಹಾಸಿನಲ್ಲಿ 12 ಕಂಬಸಾಲು, 9 ಅಡ್ಡಸಾಲು, ಒಟ್ಟು 108 ಮನೆಗಳಿವೆ. ಪ್ರತಿ ಮನೆಗೂ ಒಂದು ಬಿಲ್ಲೆ. ಆಟಗಾರನ ಕೈಯಲ್ಲಿ 6 ಬಿಲ್ಲೆಗಳು. ಸರದಿ ಬಂದಾಗ ಒಂದನ್ನು ಅದರ ಮನೆಯಲ್ಲಿ ಇಡಬೇಕು. ಪಕ್ಕಪಕ್ಕದ ಬಿಲ್ಲೆಗಳು ಕೂಡಿ ಒಂದು ಹೋಟೆಲ್ ಸರಪಳಿ ಆಗುತ್ತದೆ. ಇಂಥ ಸರಪಳಿಗಳು 7. ಒಂದೊಂದಕ್ಕೂ 25 ಷೇರುಗಳು. ಒಂದು ಸರದಿಯಲ್ಲಿ ಮೂರು ಷೇರುಗಳವರೆಗೆ ಕೊಳ್ಳಬಹುದು. ಎರಡು ಸರಪಳಿಗಳು ಒಂದನ್ನೊಂದು ಮುಟ್ಟಿದಾಗ ದೊಡ್ಡದು ಚಿಕ್ಕದನ್ನು ನುಂಗುತ್ತದೆ. ನುಂಗಲ್ಪಟ್ಟ ಸರಪಳಿಯಲ್ಲಿ ಅತಿ ಹೆಚ್ಚು ಷೇರು ಇದ್ದವರಿಗೂ ಎರಡನೆಯವರಿಗೂ ಲಾಭಾಂಶ ಸಿಗುತ್ತದೆ.

ಯಾವ ಬಿಲ್ಲೆ ಕೈಗೆ ಬರುತ್ತದೆ ಎಂಬುದು ಲೊಟ್ಟೊದಲ್ಲಿದ್ದಂತೆಯೇ ಆಕಸ್ಮಿಕ. ಆದರೆ ಯಾವ ಷೇರಿನಲ್ಲಿ ಹಣ ಹೂಡಬೇಕು, ಕೈಯಲ್ಲಿರುವ ಬಿಲ್ಲೆಯನ್ನು ಈಗ ಇಡಬೇಕೇ ಅಥವಾ ಕಾಯಬೇಕೇ ಎಂಬುದು ಆಟಗಾರನ ವಿವೇಚನೆ. ಆಕಸ್ಮಿಕವನ್ನು ತೆಗೆದುಹಾಕದೆ, ಅದರ ಎದುರು ನಿರ್ಧಾರವೊಂದನ್ನು ನಿಲ್ಲಿಸುವುದು ಸ್ಯಾಕ್ಸನ್ ಅವರ ರಚನೆಗಳಲ್ಲಿ ಮತ್ತೆ ಮತ್ತೆ ಕಾಣುವ ಗುಣ. ಪ್ರಕೃತಿಯ ಏರಿಳಿತಗಳ ನಡುವೆಯೂ ನಿಲ್ಲುವಂತೆ ಸೇತುವೆ ಕಟ್ಟುವ ಎಂಜಿನಿಯರ್‌ಗೆ ಇದು ಸಹಜವಾದ ಯೋಚನೆಯೇ ಸರಿ.

ಎಲ್ಲಿ ನಿಲ್ಲಿಸಬೇಕು?

ಇದೇ ಗುಣದ ಇನ್ನಷ್ಟು ಸರಳ ಉದಾಹರಣೆ 1980ರಲ್ಲಿ ಬಂದ 'ಕಾಂಟ್ ಸ್ಟಾಪ್'. ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಲಕರಣೆ ಸಿಗುವುದು ಕಷ್ಟ. ನಾಲ್ಕು ದಾಳಗಳನ್ನು ಒಟ್ಟಿಗೆ ಎಸೆದು, ಅವನ್ನು ಎರಡೆರಡಾಗಿ ಜೋಡಿಸಿ ಎರಡು ಮೊತ್ತಗಳನ್ನು ಪಡೆಯಬೇಕು. 2ರಿಂದ 12ರವರೆಗೆ ಪ್ರತಿ ಮೊತ್ತಕ್ಕೂ ಒಂದು ಏಣಿ. ಬಂದ ಮೊತ್ತದ ಏಣಿಯಲ್ಲಿ ಒಂದು ಮೆಟ್ಟಿಲು ಹತ್ತಬಹುದು. ಒಂದು ಸರದಿಯಲ್ಲಿ ಹೆಚ್ಚೆಂದರೆ ಮೂರು ಏಣಿಗಳಲ್ಲಿ ಮಾತ್ರ ಸಾಗಬಹುದು. ಎಷ್ಟು ಬಾರಿ ಬೇಕಾದರೂ ಎಸೆಯಬಹುದು. ಆದರೆ ಉಪಯೋಗಕ್ಕೆ ಬರುವ ಮೊತ್ತ ಯಾವುದೂ ಬಾರದಿದ್ದರೆ ಆ ಸರದಿಯಲ್ಲಿ ಗಳಿಸಿದ್ದೆಲ್ಲ ಹೋಯಿತು.

7ರ ಏಣಿಗೆ 13 ಮೆಟ್ಟಿಲುಗಳಿದ್ದರೆ 2ರ ಏಣಿಗೆ ಮೂರೇ ಮೆಟ್ಟಿಲು. ಏಕೆ? ಲೆಕ್ಕ ಮಾಡಿ ನೋಡೋಣ. ನಾಲ್ಕು ದಾಳಗಳು ಬೀಳುವ ಒಟ್ಟು ವಿಧಗಳು 6×6×6×6 = 1296. ಮೊತ್ತ 2 ಬರಬೇಕಾದರೆ ಕನಿಷ್ಠ ಎರಡು ದಾಳಗಳಲ್ಲಿ 1 ಬೀಳಬೇಕು. ಒಂದೂ 1 ಬೀಳದ ವಿಧಗಳು 625, ಒಂದೇ ಒಂದು 1 ಬೀಳುವ ವಿಧಗಳು 500. ಉಳಿದದ್ದು 171. ಅಂದರೆ ಶೇಕಡ 13ರಷ್ಟು. ಮೊತ್ತ 7ಕ್ಕೆ ಅನುಕೂಲವಾದ ವಿಧಗಳು 834, ಅಂದರೆ ಶೇಕಡ 64ಕ್ಕೂ ಹೆಚ್ಚು. (ಇದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಲಿ. 1 ಮತ್ತು 6, 2 ಮತ್ತು 5, 3 ಮತ್ತು 4 ಇವು ಜೋಡಿಗಳು. ಯಾವ ಜೋಡಿಯೂ ಪೂರ್ಣವಾಗದ ವಿಧಗಳು 462 ಎಂದು ಮೊದಲು ತೋರಿಸಿದರೆ ಸಾಕು.) ಸುಲಭವಾಗಿ ಬರುವ ಮೊತ್ತಕ್ಕೆ ಉದ್ದದ ಏಣಿ, ಅಪರೂಪದ ಮೊತ್ತಕ್ಕೆ ಗಿಡ್ಡ ಏಣಿ.

ಮೂರು ಏಣಿಗಳು 6, 7, 8 ಆಗಿದ್ದರೆ ಪ್ರತಿ ಎಸೆತವೂ ಫಲಿಸುವ ಸಂಭವನೀಯತೆ ಸುಮಾರು 0.92. ಇಷ್ಟು ಅನುಕೂಲವಿರುವಾಗ ನಿಲ್ಲಿಸುವುದೇಕೆ ಎನಿಸುತ್ತದೆ. ಆದರೆ ಸತತವಾಗಿ ಎಂಟು ಎಸೆತಗಳು ಫಲಿಸುವ ಸಂಭವನೀಯತೆ 0.92ರ ಎಂಟನೇ ಘಾತ, ಅಂದರೆ 0.51. ಪ್ರತಿ ಹೆಜ್ಜೆಯಲ್ಲೂ ತೀರಾ ಸಣ್ಣದೆನಿಸುವ ಅಪಾಯ ಎಂಟು ಹೆಜ್ಜೆಗಳಲ್ಲಿ ನಾಣ್ಯ ಚಿಮ್ಮಿದಷ್ಟೇ ಅನಿಶ್ಚಿತವಾಗುತ್ತದೆ. ಕಪ್ಪುಹಲಗೆಯ ಮೇಲೆ ಹೇಳಿದರೆ ತಲೆಯಾಡಿಸುವ ವಿದ್ಯಾರ್ಥಿಗೆ, ಒಂಬತ್ತನೆಯ ಎಸೆತದಲ್ಲಿ ಎಲ್ಲವನ್ನೂ ಕಳೆದುಕೊಂಡಾಗ ಇದು ನಿಜವಾಗಿ ಅರ್ಥವಾಗುತ್ತದೆ.

ದಿನಚರಿ ಎಂಬ ಪ್ರಯೋಗಪುಸ್ತಕ

ಇನ್ನು ಅವರ ಕೆಲಸದ ಕ್ರಮಕ್ಕೆ ಬರೋಣ. ಸ್ಯಾಕ್ಸನ್ 1963ರಿಂದ ಮೂರು ದಶಕಗಳ ಕಾಲ ದಿನಚರಿ ಬರೆದರು. ಇದರಲ್ಲಿ ಮನಸ್ಸಿನ ತೋಡಿಕೊಳ್ಳುವಿಕೆ ಕಡಿಮೆ, ಕೆಲಸದ ವರದಿ ಹೆಚ್ಚು. ಇಂದು ಯಾರಿಂದ ಪತ್ರ ಬಂತು, ಯಾವ ಕಂಪನಿಗೆ ದೂರವಾಣಿ ಮಾಡಿದೆ, ಯಾವ ಆಟವನ್ನು ಯಾರೊಂದಿಗೆ ಆಡಿ ಪರೀಕ್ಷಿಸಿದೆ, ಏನು ಬದಲಿಸಿದೆ. ಬರಹದ ನಡುವೆ ಮುಖ್ಯ ಹೆಸರುಗಳು ಎದ್ದು ಕಾಣುವಂತೆ ಬರೆಯುವುದು, ವರ್ಷದ ಕೊನೆಗೆ ಅವಕ್ಕೆ ಸೂಚಿ ತಯಾರಿಸುವುದು ಅವರ ಪದ್ಧತಿ. ಹೀಗಾಗಿ ಹಲವು ವರ್ಷಗಳ ಹಿಂದೆ ಕೈಬಿಟ್ಟ ಆಟವೊಂದು ಎಲ್ಲಿಗೆ ನಿಂತಿತ್ತು ಎಂಬುದನ್ನು ಹುಡುಕಿ ತೆಗೆಯುವುದು ಸಾಧ್ಯವಿತ್ತು.

ಸೂಚಿ ಇಲ್ಲದ ದಿನಚರಿ ಬಾಗಿಲಿಲ್ಲದ ಉಗ್ರಾಣದಂತೆ. ಸಾಮಾನು ಒಳಗಿದ್ದರೂ ಕೈಗೆ ಸಿಗದು. ಬರೆಯುವವರು ನಮ್ಮಲ್ಲೂ ಇದ್ದಾರೆ, ಸೂಚಿ ಮಾಡುವವರು ವಿರಳ.

ಅವರ ಎರಡನೆಯ ಅಭ್ಯಾಸ ಸಂಗ್ರಹ. ಅವರ ಮನೆಯಲ್ಲಿ ಸುಮಾರು 18,000 ಆಟಗಳಿದ್ದವೆಂದು ಅಂದಾಜು. ಇವು ಪ್ರದರ್ಶನದ ವಸ್ತುಗಳಾಗಿರದೆ ಅವರ ಆಕರ ಗ್ರಂಥಾಲಯವಾಗಿದ್ದವು. ಹೊಸದೆಂದುಕೊಂಡ ಕಲ್ಪನೆ ಈಗಾಗಲೇ ಬಂದಿದೆಯೇ, ಬಂದಿದ್ದರೆ ಎಲ್ಲಿ ಸೋತಿತು ಎಂದು ಅಲ್ಲಿ ನೋಡಬಹುದಿತ್ತು. ಸಂಶೋಧನೆಗೆ ಹೊರಡುವ ವಿದ್ಯಾರ್ಥಿ ಹಿಂದಿನ ಪ್ರಬಂಧಗಳನ್ನು ಓದಬೇಕೆಂದು ನಾವು ಹೇಳುವುದು ಇದನ್ನೇ.

ಮೂರನೆಯದು ಸಹೃದಯರ ಬಳಗ. ರಾಬರ್ಟ್ ಅಬಟ್, ಕ್ಲಾಡ್ ಸೂಸಿ, ಅಲೆಕ್ಸ್ ರ‍್ಯಾಂಡಾಲ್ಫ್ ಮೊದಲಾದ ರಚನಕಾರರೊಂದಿಗೆ ಅವರಿಗೆ ಒಡನಾಟವಿತ್ತು. 1969ರಲ್ಲಿ ಪ್ರಕಟವಾದ 'ಎ ಗ್ಯಾಮಟ್ ಆಫ್ ಗೇಮ್ಸ್' ಎಂಬ ತಮ್ಮ ಪುಸ್ತಕದಲ್ಲಿ ಸ್ಯಾಕ್ಸನ್ ಸ್ವಂತ ಆಟಗಳ ಜೊತೆಗೆ ಇವರೆಲ್ಲರ ಆಟಗಳಿಗೂ ಜಾಗ ಕೊಟ್ಟರು. ಸೂಸಿಯ 'ಲೈನ್ಸ್ ಆಫ್ ಆ್ಯಕ್ಷನ್' ಆ ಪುಸ್ತಕದ ಮೂಲಕವೇ ಹೊರಜಗತ್ತಿಗೆ ಪರಿಚಯವಾಯಿತು. ಮುಂದೆ ಅದು ಕೃತಕ ಬುದ್ಧಿಮತ್ತೆಯ ಸಂಶೋಧಕರಿಗೆ ಪರೀಕ್ಷೆಯ ಕಣವಾಗಿ ಒದಗಿತು.

ಅದೃಷ್ಟವನ್ನು ರದ್ದುಮಾಡುವ ಉಪಾಯ

ಅದೇ ಪುಸ್ತಕದಲ್ಲಿ ಸ್ಯಾಕ್ಸನ್ ಮರೆತುಹೋಗಿದ್ದ ಒಂದು ಇಸ್ಪೀಟಾಟವನ್ನು ಮತ್ತೆ ಬೆಳಕಿಗೆ ತಂದರು. ಅದು 1915ರಲ್ಲಿ ಜರ್ಮನಿಯಲ್ಲಿ ಕಾಪೆಲೆನ್ ಎಂಬವರು ಪ್ರಕಟಿಸಿದ ಆಟ. ಪುಸ್ತಕದಲ್ಲಿ ಅದರ ಹೆಸರು 'ಮೇಟ್'. ಇಬ್ಬರು ಆಟಗಾರರು, 20 ಎಲೆಗಳು, ತಲಾ ಹತ್ತು. ಒಬ್ಬರಿಗೆ ಒಳ್ಳೆಯ ಎಲೆ, ಇನ್ನೊಬ್ಬರಿಗೆ ಕೆಟ್ಟ ಎಲೆ ಬಂದರೇನು ಗತಿ? ಉಪಾಯ ಸರಳ. ಒಮ್ಮೆ ಆಡಿದ ನಂತರ ಅದೇ ಎಲೆಗಳನ್ನು ಇಬ್ಬರೂ ಅದಲುಬದಲು ಮಾಡಿಕೊಂಡು ಮತ್ತೊಮ್ಮೆ ಆಡಬೇಕು. ಒಳ್ಳೆಯ ಕೈ ಇಬ್ಬರಿಗೂ ಒಂದೊಂದು ಬಾರಿ ಸಿಗುತ್ತದೆ. ಉಳಿಯುವುದು ಜಾಣ್ಮೆಯ ಅಂತರ ಮಾತ್ರ.

ಭೌತವಿಜ್ಞಾನದ ಓದುಗರಿಗೆ ಇದು ಎಲ್ಲೋ ಕಂಡಂತೆ ಅನಿಸಬೇಕು. ತಕ್ಕಡಿಯ ಎರಡು ತೋಳುಗಳು ಸಮನಾಗಿಲ್ಲದಿದ್ದರೆ, ವಸ್ತುವನ್ನು ಮೊದಲು ಒಂದು ತಟ್ಟೆಯಲ್ಲಿ, ನಂತರ ಇನ್ನೊಂದು ತಟ್ಟೆಯಲ್ಲಿ ಇಟ್ಟು ತೂಗುತ್ತೇವೆ. ಗೌಸ್‌ನ ಹೆಸರಿನಲ್ಲಿ ಹೇಳಲಾಗುವ ಈ ಕ್ರಮದಲ್ಲಿ ತೋಳಿನ ದೋಷ ತಾನಾಗಿ ರದ್ದಾಗುತ್ತದೆ. ತಕ್ಕಡಿಗೂ ಇಸ್ಪೀಟಿಗೂ ಇರುವ ತತ್ವ ಒಂದೇ. ದೋಷವನ್ನು ತೊಡೆಯಲಾಗದಿದ್ದರೆ ಅದನ್ನು ಎರಡೂ ಕಡೆಗೆ ಸಮನಾಗಿ ಹಂಚು.

ಪ್ರಕೃತಿಯೊಂದಿಗೆ ಆಟ

ಸ್ಯಾಕ್ಸನ್ ಅವರ ಆಟಗಳು ವಿಜ್ಞಾನದ ಓದುಗರನ್ನು ತಲುಪಿದ್ದು ಮಾರ್ಟಿನ್ ಗಾರ್ಡ್ನರ್ ಅವರಿಂದ. 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಗಣಿತ ವಿನೋದದ ಅಂಕಣದಲ್ಲಿ ಗಾರ್ಡ್ನರ್ 1963ರ ಅಕ್ಟೋಬರಿನಲ್ಲಿ ಸ್ಯಾಕ್ಸನ್ ಅವರ 'ಫೋಕಸ್' ಎಂಬ ಆಟವನ್ನು ಪರಿಚಯಿಸಿದರು. ಕಾಯಿಗಳನ್ನು ಒಂದರ ಮೇಲೊಂದು ಪೇರಿಸಿ, ಪೇರಿಕೆ ಎಷ್ಟು ಎತ್ತರವಿದೆಯೋ ಅಷ್ಟು ಮನೆ ನಡೆಸುವ ಆಟವಿದು. ಮೇಲಿನ ಕಾಯಿ ಯಾರದೋ ಪೇರಿಕೆ ಅವರದು. 1981ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಇದಕ್ಕೆ ದೊರೆಯಿತು.

1969ರ ನವೆಂಬರಿನ ಅಂಕಣದಲ್ಲಿ ಗಾರ್ಡ್ನರ್ ಎತ್ತಿಕೊಂಡ ಸ್ಯಾಕ್ಸನ್ ಅವರ ಇನ್ನೊಂದು ಆಟ 'ಪ್ಯಾಟರ್ನ್ಸ್ 2' ಶಿಕ್ಷಕರಿಗೆ ಇನ್ನೂ ಹೆಚ್ಚು ಮುಖ್ಯ. ಇದಕ್ಕೆ ಕಾಗದ, ಪೆನ್ಸಿಲ್ ಬಿಟ್ಟು ಮತ್ತೇನೂ ಬೇಡ.

ಒಬ್ಬರು ರಚನಕಾರ. ಅವರು 6×6 ಚೌಕಗಳ ಜಾಲವೊಂದರಲ್ಲಿ ನಾಲ್ಕು ಚಿಹ್ನೆಗಳನ್ನು ಬಳಸಿ ಗುಟ್ಟಾಗಿ ಒಂದು ನಮೂನೆಯನ್ನು ತುಂಬುತ್ತಾರೆ. ಉಳಿದವರ ಮುಂದೆ ಖಾಲಿ ಜಾಲ. ಯಾವ ಯಾವ ಚೌಕಗಳ ಮಾಹಿತಿ ಬೇಕೋ ಅವಕ್ಕೆ ಗುರುತು ಹಾಕಿ ರಚನಕಾರನಿಗೆ ಕೊಟ್ಟರೆ, ಆತ ಅಲ್ಲಿರುವ ಚಿಹ್ನೆಯನ್ನು ಬರೆದು ಹಿಂದಿರುಗಿಸುತ್ತಾನೆ. ಹೀಗೆ ಎಷ್ಟು ಸಲವಾದರೂ ಕೇಳಬಹುದು. ಆದರೆ ಕೇಳಿದ ಪ್ರತಿ ಚೌಕಕ್ಕೂ ಒಂದು ಅಂಕ ಕಳೆಯುತ್ತದೆ. ನಮೂನೆ ಹೊಳೆಯಿತು ಎನಿಸಿದಾಗ ಉಳಿದ ಚೌಕಗಳನ್ನು ಊಹಿಸಿ ತುಂಬಬೇಕು. ಸರಿಯಾದ ಪ್ರತಿ ಊಹೆಗೆ ಒಂದು ಅಂಕ ಕೂಡುತ್ತದೆ, ತಪ್ಪಿಗೆ ಒಂದು ಕಳೆಯುತ್ತದೆ. 8 ಚೌಕ ಕೇಳಿ ಉಳಿದ 28ನ್ನೂ ಸರಿಯಾಗಿ ತುಂಬಿದವರಿಗೆ 20 ಅಂಕ. 8 ಚೌಕ ಕೇಳಿ 20 ಸರಿ, 8 ತಪ್ಪು ತುಂಬಿದವರಿಗೆ 4 ಅಂಕ.

ಈ ಆಟದಲ್ಲಿ ಸಾಧ್ಯವಿರುವ ನಮೂನೆಗಳೆಷ್ಟು? 4ರ 36ನೇ ಘಾತ. ಅಂದರೆ ಸುಮಾರು 4.7 ಕೋಟಿ ಕೋಟಿ ಕೋಟಿ. ಎಂಟು ಚೌಕಗಳನ್ನು ಕೇಳಿ ತಿಳಿದ ಮೇಲೂ ಅವಕ್ಕೆ ಹೊಂದುವ ಸುಮಾರು 720 ಕೋಟಿ ಕೋಟಿ ನಮೂನೆಗಳು ಉಳಿಯುತ್ತವೆ. ತರ್ಕವೊಂದನ್ನೇ ನೆಚ್ಚಿದರೆ ಯಾರೂ ಗೆಲ್ಲಲಾರರು. ಆದರೂ ಹತ್ತನೆಯ ತರಗತಿಯ ಹುಡುಗಿಯೊಬ್ಬಳು ಎಂಟು ಚೌಕಗಳಿಂದ ಉಳಿದ 28ನ್ನು ತುಂಬಬಲ್ಲಳು. ಏಕೆಂದರೆ ಇಲ್ಲೊಂದು ಕ್ರಮವಿದೆ, ಅದು ಸರಳವಾಗಿರುತ್ತದೆ, ಬಹುಶಃ ಎಡಬಲಗಳಲ್ಲಿ ಸಮಮಿತಿ ಇದೆ ಎಂದು ಅವಳು ನಂಬಿ ಹೊರಡುತ್ತಾಳೆ. ಆ ನಂಬಿಕೆಯನ್ನು ಮುಂದಿನ ಪ್ರಶ್ನೆಯಿಂದ ಪರೀಕ್ಷಿಸುತ್ತಾಳೆ. ಸೀಮಿತ ಅಳತೆಗಳಿಂದ ನಿಯಮವನ್ನು ಊಹಿಸುವ ಅನುಗಮನದ ವಿಧಾನ ಎಂದರೆ ಇದೇ. ಕೆಪ್ಲರ್ ಮಂಗಳದ ಸ್ಥಾನಗಳಿಂದ ದೀರ್ಘವೃತ್ತವನ್ನು ಕಂಡದ್ದೂ ಹೀಗೆಯೇ. ಪ್ರಶ್ನೆಗೆ ಬೆಲೆ ತೆರಬೇಕಾದ್ದರಿಂದ ಯಾವುದನ್ನು ಕೇಳಿದರೆ ಹೆಚ್ಚು ತಿಳಿಯುತ್ತದೆ ಎಂದು ಯೋಚಿಸಬೇಕಾಗುತ್ತದೆ. ಪ್ರಯೋಗದ ಯೋಜನೆಯೂ ಇದೇ ಅಲ್ಲವೇ?

ಇನ್ನು ರಚನಕಾರನ ಅಂಕವನ್ನು ನೋಡಿ. ಆಟಗಾರರಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಗಳ ವ್ಯತ್ಯಾಸದ ಎರಡರಷ್ಟು. ಮೇಲಿನ ಉದಾಹರಣೆಯ 20 ಮತ್ತು 4ರ ವ್ಯತ್ಯಾಸ 16, ಆದ್ದರಿಂದ ರಚನಕಾರನಿಗೆ 32. ನಮೂನೆ ತೀರಾ ಸುಲಭವಾದರೆ ಎಲ್ಲರೂ ಗೆಲ್ಲುತ್ತಾರೆ, ವ್ಯತ್ಯಾಸ ಸೊನ್ನೆ. ತೀರಾ ಕಠಿಣವಾದರೆ ಎಲ್ಲರೂ ಸೋಲುತ್ತಾರೆ, ಆಗಲೂ ಸೊನ್ನೆ. ಆಟಗಾರರು ಕೈಚೆಲ್ಲಿದರೆ ರಚನಕಾರನ ಅಂಕವೇ ಕಡಿತವಾಗುತ್ತದೆ. ಹಾಗಾಗಿ ಕೆಲವರಿಗಾದರೂ ಬಿಡಿಸಲು ಬರುವ, ಆದರೆ ಎಲ್ಲರಿಗೂ ಸುಲಭವಾಗದ ನಮೂನೆಯನ್ನೇ ಆತ ರಚಿಸಬೇಕು.

ಇದನ್ನು ನನ್ನ ತರಗತಿಯಲ್ಲಿ ಆಡಿಸಿದಾಗ ಒಬ್ಬ ವಿದ್ಯಾರ್ಥಿ ಅತಿ ಜಾಣ್ಮೆಯಿಂದ ಅವಿಭಾಜ್ಯ ಸಂಖ್ಯೆಗಳನ್ನು ಬಳಸಿ ನಮೂನೆ ಮಾಡಿದ. ಯಾರಿಗೂ ಬಿಡಿಸಲಾಗಲಿಲ್ಲ. ಗೆದ್ದೆನೆಂದುಕೊಂಡಿದ್ದವನಿಗೆ ಅಂಕವೂ ಸಿಗಲಿಲ್ಲ. ಅವನು ಪೆಚ್ಚಾಗಿ ಕೇಳಿದ: "ಸರ್, ಪ್ರಶ್ನೆಪತ್ರಿಕೆ ತೆಗೆಯುವವರಿಗೂ ಇದೇ ಲೆಕ್ಕ ಇಡಬಾರದೇ?" ಇಡೀ ತರಗತಿ ನಕ್ಕಿತು. ಮೂರು ದಶಕ ಪ್ರಶ್ನೆಪತ್ರಿಕೆ ತೆಗೆದ ನನಗೆ ಮಾತ್ರ ತಕ್ಷಣ ನಗು ಬರಲಿಲ್ಲ. ಪ್ರಶ್ನೆ ಕಠಿಣವಾದಷ್ಟೂ ಉತ್ತಮ ಎಂದು ನಾನೂ ಬಹುಕಾಲ ನಂಬಿದ್ದೆ. ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸದ ಪ್ರಶ್ನೆ ಏನನ್ನೂ ಅಳೆಯುವುದಿಲ್ಲ. ಬ್ರಾಂಕ್ಸ್‌ನ ಎಂಜಿನಿಯರ್ ಇದನ್ನು ಒಂದು ಆಟದ ಅಂಕಪದ್ಧತಿಯಲ್ಲೇ ಅಡಗಿಸಿಟ್ಟಿದ್ದರು.

ಪೆಟ್ಟಿಗೆಯ ಮೇಲಿನ ಹೆಸರು

ಆಟದ ರಚನಕಾರನ ಕಷ್ಟಗಳನ್ನೂ ಹೇಳಬೇಕು. ಚೌಕಾಬಾರವನ್ನೋ ಪಗಡೆಯನ್ನೋ ಯಾರು ರಚಿಸಿದರೆಂದು ನಾವು ಕೇಳುವುದಿಲ್ಲ. ಬಹುಕಾಲ ಅಂಗಡಿಯ ಆಟಗಳ ಸ್ಥಿತಿಯೂ ಇದೇ ಆಗಿತ್ತು. ಪೆಟ್ಟಿಗೆಯ ಮೇಲೆ ಕಂಪನಿಯ ಹೆಸರು ಇರುತ್ತಿತ್ತು, ರಚಿಸಿದವರದು ಇರುತ್ತಿರಲಿಲ್ಲ. ತ್ರೀಎಂ ಕಂಪನಿ ಸ್ಯಾಕ್ಸನ್, ರ‍್ಯಾಂಡಾಲ್ಫ್ ಅವರಂಥವರನ್ನು ಹೆಸರಿಸಿದ್ದು ಆ ಕಾಲಕ್ಕೆ ಅಪರೂಪ. 1988ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಆಟಿಕೆ ಮೇಳದಲ್ಲಿ 13 ಮಂದಿ ರಚನಕಾರರು, ಪೆಟ್ಟಿಗೆಯ ಮೇಲೆ ತಮ್ಮ ಹೆಸರು ಹಾಕದ ಪ್ರಕಾಶಕರಿಗೆ ಆಟ ಕೊಡುವುದಿಲ್ಲವೆಂದು ಬಿಯರ್ ಲೋಟದ ಕೆಳಗಿಡುವ ರಟ್ಟಿನ ಬಿಲ್ಲೆಯ ಮೇಲೆ ಸಹಿ ಹಾಕಿದರು. ಈಗ ಹೆಸರು ಮುದ್ರಿಸುವುದು ಸಾಮಾನ್ಯ ರೂಢಿ. ಪುಸ್ತಕಕ್ಕೆ ಲೇಖಕ ಇರುವಂತೆ ಆಟಕ್ಕೂ ಒಬ್ಬ ಕರ್ತೃ ಇದ್ದಾನೆ ಎಂಬ ಸಾಮಾನ್ಯ ಮಾತು ಒಪ್ಪಿತವಾಗಲು ಇಷ್ಟು ಕಾಲ ಬೇಕಾಯಿತು.

ಉಳಿದದ್ದು, ಅಳಿದದ್ದು

ಸ್ಯಾಕ್ಸನ್ ತೀರಿಕೊಂಡದ್ದು 2002ರ ನವೆಂಬರ್ 6ರಂದು. ಅವರ ಜೀವಮಾನದ ಸಂಗ್ರಹ ಒಂದೆಡೆ ಉಳಿಯಲಿಲ್ಲ. ಹರಾಜಿನಲ್ಲಿ ಪೆಟ್ಟಿಗೆ ಪೆಟ್ಟಿಗೆಯಾಗಿ ನೂರಾರು ಕೈಗಳಿಗೆ ಚದುರಿತು. ಹದಿನೆಂಟು ಸಾವಿರ ಆಟಗಳ ಗ್ರಂಥಾಲಯವನ್ನು ಇನ್ನು ಯಾರೂ ಮತ್ತೆ ಕೂಡಿಸಲಾರರು.

ದಿನಚರಿಗಳು ಮಾತ್ರ ಉಳಿದವು. ಅವು ಈಗ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್ ನಗರದಲ್ಲಿರುವ 'ದ ಸ್ಟ್ರಾಂಗ್' ವಸ್ತುಸಂಗ್ರಹಾಲಯದಲ್ಲಿವೆ. ಇಪ್ಪತ್ತನೆಯ ಶತಮಾನದಲ್ಲಿ ಆಟಗಳು ಹೇಗೆ ಹುಟ್ಟಿದವು, ಎಷ್ಟು ಬಾರಿ ತಿರಸ್ಕೃತವಾದವು, ಯಾರು ಯಾರಿಗೆ ಏನು ಹೇಳಿದರು ಎಂಬುದಕ್ಕೆ ಇಂಥ ಇನ್ನೊಂದು ದಾಖಲೆ ಸಿಗುವುದು ಕಷ್ಟ. ದುಬಾರಿ ವಸ್ತುಗಳು ಚದುರಿದವು, ದಿನಕ್ಕೊಂದಿಷ್ಟು ಬರೆದಿಟ್ಟ ಸಾಲುಗಳು ನಿಂತವು.

ನಮ್ಮ ಕಡೆಗೂ ಒಮ್ಮೆ ನೋಡೋಣ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794-1868) ಸ್ವತಃ ಮಣೆಯಾಟಗಳನ್ನೂ ಗಂಜೀಫ ಎಲೆಯಾಟಗಳನ್ನೂ ರಚಿಸಿದವರು. 'ಶ್ರೀತತ್ವನಿಧಿ'ಯ ಕೌತುಕ ನಿಧಿಯಲ್ಲಿ ದಾಖಲಾದ್ದರಿಂದ ಅವು ಇಂದಿಗೂ ಅಧ್ಯಯನಕ್ಕೆ ಸಿಗುತ್ತವೆ. ಅರಮನೆಯಲ್ಲಿ ಬರೆದಿಡುವವರಿದ್ದರು. ಮನೆಯ ಜಗಲಿಯ ಅಳಗುಳಿ ಮಣೆಗೆ, ದೇವಸ್ಥಾನದ ಕಲ್ಲುಹಾಸಿನಲ್ಲಿ ಕೊರೆದ ಹುಲಿ-ಕುರಿ ಆಟಕ್ಕೆ ಅಂಥವರಿರಲಿಲ್ಲ. ಅಳಗುಳಿ ಮಣೆಯನ್ನು ನನ್ನ ಅಜ್ಜಿ ಆಡಿಸುತ್ತಿದ್ದ ಕ್ರಮ ನಮ್ಮ ತಾಯಿಗೆ ಅರ್ಧ ಗೊತ್ತಿತ್ತು. ನನಗೆ ಅದರ ಕಾಲು ಭಾಗವೂ ಗೊತ್ತಿಲ್ಲ. ಕೇಳಿ ಬರೆದುಕೊಳ್ಳಬಹುದಾಗಿದ್ದ ಕಾಲದಲ್ಲಿ ಬರೆದುಕೊಳ್ಳಲಿಲ್ಲ.

ಆದ್ದರಿಂದ ಕಳೆದ ಕೆಲವು ವರ್ಷಗಳಿಂದ ಬೇಸಿಗೆ ರಜೆಗೆ ಹೊರಡುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತಿದ್ದೇನೆ. ಮನೆಯ ಹಿರಿಯರೊಬ್ಬರ ಎದುರು ಕುಳಿತು ಒಂದು ಆಟ ಕಲಿಯಿರಿ. ಅದನ್ನು ಎಂದೂ ಆಡದವರು ಓದಿ ಆಡಬಲ್ಲಂತೆ ನಿಯಮಗಳನ್ನು ಬರೆದು ತನ್ನಿ. ಬರೆದದ್ದನ್ನು ತಂಗಿಗೋ ತಮ್ಮನಿಗೋ ಕೊಟ್ಟು ಆಡಿಸಿ ನೋಡಿ, ಎಲ್ಲಿ ತಡವರಿಸಿದರೋ ಅಲ್ಲಿ ತಿದ್ದಿರಿ. ತಿದ್ದುವ ಮುಂಚಿನ ಬಿಡಿ ಹಾಳೆಯನ್ನೂ ಜೊತೆಗೆ ತನ್ನಿ. ಅಂಕ ಕೊಡುವುದು ಆ ಬಿಡಿ ಹಾಳೆಗೇ.